ಹದಿನೈದು ಬಾಗಿಲು, ಮೂವತ್ತೆರಡು ಹಿಂಜು, ಒಂದು ಆ್ಯಸಿಡ್ ಬಾಟ್ಲಿ

ಕುಕ್ಕರ್ ಮೂರನೇ ಕೂಗು ಹಾಕುವ ಹೊತ್ತಿಗೆ ಸಿಂಕ್ ಕೆಳಗಿನ ಬಲಗಡೆ ಬಾಗಿಲು ನನ್ನ ಕೈಗೇ ಕಿತ್ತುಕೊಂಡು ಬಂತು. ಕಸದ ಡಬ್ಬ ತೆಗೆಯೋಣ ಅಂತ ಎಳೆದಿದ್ದೆ, ಅಷ್ಟೇ. ಮೇಲಿನ ಹಿಂಜು ಹಲಗೆಯ ಒಂದು ಚೂರಿನ ಸಮೇತ ಹೊರಗೆ ಬಂದಿತ್ತು, ಕೆಳಗಿನದು ಒಂದೇ ಸ್ಕ್ರೂ ನಂಬಿಕೊಂಡು ಜೋತಾಡುತ್ತಿತ್ತು. "ಅದು ಆರು ತಿಂಗಳಿಂದ ಹಂಗೇ ಇದೆ ಕಣೋ, ನಾನು ಮಂಡಿ ಕೊಟ್ಟು ಎತ್ತಿ ಮುಚ್ತೀನಿ" ಅಂದರು ಅಮ್ಮ, ಇದರಲ್ಲೇನು ವಿಶೇಷ ಅನ್ನೋ ಹಾಗೆ. ಆರು ತಿಂಗಳು! ನಾನು ದಿನಾ ಅದೇ ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿಯುತ್ತೇನೆ.

ಈ ಅಡುಗೆಮನೆ ಮಾಡಿಸಿದ್ದು 2013ರಲ್ಲಿ. ಪಾರ್ಟಿಕಲ್ ಬೋರ್ಡ್ ಬಾಗಿಲು, ಅಂದರೆ ಮರದ ಚೂರು ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಮೇಲೆ ಕೆಂಪು ಲ್ಯಾಮಿನೇಟ್. ನೋಡಲು ಬಂದ ಕಾರ್ಪೆಂಟರ್ ಎರಡು ಬಾಗಿಲು ತೆಗೆದು ಮುಚ್ಚಿ, ತಲೆ ಅಲ್ಲಾಡಿಸಿ, "ಶಟರ್ ಎಲ್ಲಾ ಹೋಗಿದೆ ಸಾರ್, ಹೊಸದು ಮಾಡಿಸಿಬಿಡಿ" ಅಂದ. ಅವನು ಹೇಳಿದ ದುಡ್ಡಿಗೆ ಒಂದು ಹಳೇ ಸ್ಕೂಟರ್ ಬರುತ್ತೆ. ಅವನು ಹೋದ ಮೇಲೆ ಟಾರ್ಚ್ ಹಿಡಿದು ಕೂತೆ. ಒಂದೊಂದೇ ಬಾಗಿಲಿನ ಅಂಚನ್ನು ಉಗುರಿನಲ್ಲಿ ಒತ್ತಿ ನೋಡಿದೆ. ನೀರು ಕುಡಿದ ಬೋರ್ಡ್ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಥರ ಉಬ್ಬಿರುತ್ತೆ, ಉಗುರು ಒಳಗೆ ಇಳಿಯುತ್ತೆ. ಹದಿನೈದರಲ್ಲಿ ಹಾಗಾಗಿದ್ದದ್ದು ಒಂದೇ ಒಂದು, ಕಿತ್ತು ಬಂದಿತ್ತಲ್ಲ ಅದೇ. ಮಿಕ್ಕ ಹದಿನಾಲ್ಕೂ ಗಟ್ಟಿ. ಹೋಗಿದ್ದು ಹಿಂಜುಗಳು, ಹಿಡಿತ ಬಿಟ್ಟ ಸ್ಕ್ರೂ ತೂತುಗಳು, ಗರಗರ ಅನ್ನೋ ಡ್ರಾ ಚಾನೆಲ್‌ಗಳು, ಅಂದರೆ ಡ್ರಾ ಜಾರೋ ಪಟ್ಟಿಗಳು. ಇದನ್ನು ನಾನೇ ಮಾಡಬಹುದಲ್ಲ ಅನ್ನಿಸಿತು. ಎರಡು ವಾರಾಂತ್ಯ ಸಾಕು ಅಂದುಕೊಂಡಿದ್ದೆ. ನಾಲ್ಕು ಹಿಡಿಯಿತು.

ಲೆಕ್ಕ ಹೀಗಿತ್ತು. ಬಾಗಿಲು 15. ಒಂದೊಂದಕ್ಕೆ ಎರಡು ಹಿಂಜು, ಮೂಲೆಯ ಎತ್ತರದ ಬೀರುವಿನ ಬಾಗಿಲಿಗೆ ಮಾತ್ರ ನಾಲ್ಕು. ಒಟ್ಟು 32. ಒಂದು ಹಿಂಜಿಗೆ ಬಾಗಿಲ ಕಡೆ ಎರಡು, ಡಬ್ಬದ ಕಡೆ, ಅಂದರೆ ಬಾಗಿಲು ಕೂರೋ ಕಪಾಟಿನ ಮೈಗೆ, ಎರಡು ಸ್ಕ್ರೂ. ಅಂದರೆ 128 ಸ್ಕ್ರೂ. ಇದರ ಮೇಲೆ 19 ಹ್ಯಾಂಡಲ್, 4 ಡ್ರಾಗಳಿಗೆ 4 ಜೊತೆ ಚಾನೆಲ್. ಈ 128 ಅನ್ನೋ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಅಷ್ಟು ಉತ್ಸಾಹ ತೋರಿಸುತ್ತಿರಲಿಲ್ಲವೇನೋ.

ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಎನ್.ಆರ್. ರಸ್ತೆಗೆ ಹೋದೆ. ಆನ್‌ಲೈನ್‌ನಲ್ಲೂ ಎಲ್ಲಾ ಸಿಗುತ್ತೆ, ಆದರೆ ಹಿಂಜನ್ನು ಕೈಯಲ್ಲಿ ಹಿಡಿದು ಮಡಚಿ ನೋಡದೆ ತಗೊಳ್ಳೋದು ನನಗೆ ಆಗಲ್ಲ. ಹಳೇದೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಬಾಗಿಲಿನ ಒಳಮೈಯಲ್ಲಿ ದುಂಡಗೆ ಬಟ್ಟಲಿನ ಥರ ಕೂರುತ್ತಲ್ಲ, ಅದಕ್ಕೆ ಕಾರ್ಪೆಂಟರ್‌ಗಳು ಆಟೋ ಹಿಂಜ್ ಅಂತಾರೆ, ತಾನೇ ಎಳೆದುಕೊಂಡು ಮುಚ್ಚಿಕೊಳ್ಳೋದರಿಂದ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಝೀರೋ, ಎಯ್ಟ್, ಸಿಕ್ಸ್‌ಟೀನ್, ಯಾವುದು ಬೇಕು ಸಾರ್?"

ನನ್ನ ಕೈಯಲ್ಲಿದ್ದದ್ದು ಝೀರೋ ಕ್ರ್ಯಾಂಕ್. ಎಲ್ಲಾ ಇದೇ ಇರುತ್ತೆ ಬಿಡಿ ಅಂತ 32 ಝೀರೋ ಕಟ್ಟಿಸಿಕೊಂಡು ಬಂದೆ. ಮೊದಲ ತಪ್ಪು ಇದೇ.

ಕ್ರ್ಯಾಂಕ್ ಅಂದರೆ ಹಿಂಜಿನ ತೋಳು ಎಷ್ಟು ಬಾಗಿದೆ ಅನ್ನೋದು. ಮುಚ್ಚಿದ ಬಾಗಿಲು ಪಕ್ಕದ ಹಲಗೆಯ 18 ಮಿ.ಮೀ. ದಪ್ಪವನ್ನು ಹೆಚ್ಚುಕಮ್ಮಿ ಪೂರ್ತಿ ಮುಚ್ಚಿದರೆ ಝೀರೋ, ನೆಟ್ಟಗಿನ ತೋಳು. ನಡುವೆ ಒಂದೇ ಹಲಗೆ ಇದ್ದು, ಎಡಗಡೆಯ ಬಾಗಿಲು ಅರ್ಧ, ಬಲಗಡೆಯ ಬಾಗಿಲು ಇನ್ನರ್ಧ ಹಂಚಿಕೊಂಡಿದ್ದರೆ ಎಯ್ಟ್. ಬಾಗಿಲು ಚೌಕಟ್ಟಿನ ಒಳಗೇ ಕೂತು ಹಲಗೆಯ ಅಂಚು ಪೂರ್ತಿ ಹೊರಗೆ ಕಾಣಿಸುತ್ತಿದ್ದರೆ ಸಿಕ್ಸ್‌ಟೀನ್, ತುಂಬಾ ಬಾಗಿದ ತೋಳು. ನಮ್ಮನೆಯಲ್ಲಿ ಮೇಲಿನ ಸಾಲು ಬೇರೆ ಬೇರೆ ಡಬ್ಬಗಳು, ಪ್ರತಿಯೊಂದಕ್ಕೂ ಅದರದ್ದೇ ಹಲಗೆ, ಹಾಗಾಗಿ ಅಲ್ಲೆಲ್ಲಾ ಝೀರೋ. ಕೆಳಗಿನ ಸಾಲನ್ನು ಮಾತ್ರ ಗ್ರಾನೈಟ್ ಕೆಳಗೆ ಒಂದೇ ಉದ್ದ ಚೌಕಟ್ಟು ಮಾಡಿ ನಡುನಡುವೆ ಹಲಗೆ ನಿಲ್ಲಿಸಿದ್ದರು. ಅಲ್ಲಿ ಮೂರು ಬಾಗಿಲು ನಡುವಿನ ಹಲಗೆಯನ್ನು ಹಂಚಿಕೊಂಡಿದ್ದವು. ಅಂದರೆ ನನಗೆ 26 ಝೀರೋ, 6 ಎಯ್ಟ್ ಬೇಕಿತ್ತು. ಝೀರೋ ಹಾಕಿ ಮುಚ್ಚಲು ಹೋದಾಗಲೇ ಗೊತ್ತಾಗಿದ್ದು, ಒಂದು ಬಾಗಿಲು ಇನ್ನೊಂದರ ಮೇಲೆ ಹತ್ತಿ ಕೂತುಬಿಟ್ಟಿತು. ಅಂಗಡಿಗೆ ಹೋಗುವ ಮುಂಚೆ ಪ್ರತಿ ಬಾಗಿಲನ್ನೂ ತೆಗೆದು, ಹಲಗೆಯ ಅಂಚು ಎಷ್ಟು ಮುಚ್ಚುತ್ತೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರೆ ಹತ್ತು ನಿಮಿಷದ ಕೆಲಸ. ನಾನು ಅದನ್ನು ಮಾಡದೆ ಇನ್ನೊಂದು ಸಲ ಮಾರ್ಕೆಟ್‌ಗೆ ಹೋಗಿ ಬಂದೆ. ಪೊಟ್ಟಣ ಒಡೆಯದೇ ಇದ್ದವನ್ನು ಅವರು ಬದಲಾಯಿಸಿ ಕೊಟ್ಟರು, ಪುಣ್ಯ.

ಎರಡನೇ ಸಲ ಹೋಗಲು ಇನ್ನೊಂದು ಕಾರಣವೂ ಇತ್ತು.

ಶನಿವಾರ ಎಲ್ಲಾ ಹಳೇ ಹಿಂಜುಗಳನ್ನು ಬಿಚ್ಚಿ, ನೆಲದ ಮೇಲೆ ಹಳೇ ಪೇಪರ್ ಹಾಸಿ, ಅವು ಇದ್ದ ಜಾಗದ ಲೆಕ್ಕದಲ್ಲೇ ಸಾಲಾಗಿ ಇಟ್ಟಿದ್ದೆ. ಕಲಬೆರಕೆ ಆಗಬಾರದು ಅಂತ ಇಟ್ಟಿದ್ದು, ಅಷ್ಟೇ. ಆದರೆ ಹಾಗೆ ಇಟ್ಟ ಮೇಲೆ ಒಂದು ನಕ್ಷೆಯೇ ಕಾಣಿಸಿತು. ಒಲೆಯ ಮೇಲಿನ ಬಾಗಿಲುಗಳ ಹಿಂಜುಗಳು ಒಗ್ಗರಣೆ ಎಣ್ಣೆ ಕೂತು ಅಂಟಂಟಾಗಿದ್ದವು, ಆದರೆ ಒರೆಸಿದರೆ ಒಳಗೆ ಫಳಫಳ. ಸಿಂಕ್ ಕಡೆಗೆ ಬರುತ್ತಾ ಬರುತ್ತಾ ತುಕ್ಕು ಜಾಸ್ತಿ. ಸರಿ, ನೀರಿನ ಪಸೆ ಅಂದುಕೊಂಡೆ. ಆದರೆ ಪೈಪಿನ ಜಾಯಿಂಟ್ ಒಸರುತ್ತಿದ್ದದ್ದು ಸಿಂಕ್‌ನ ಎಡಗಡೆ. ಎಡ ಬಾಗಿಲಿನ ಹಿಂಜುಗಳು ಪರವಾಗಿಲ್ಲ ಅನ್ನೋ ಹಾಗಿದ್ದವು. ಬಲ ಬಾಗಿಲಿನವು ಮಾತ್ರ ಕಂದು ಪುಡಿ ಉದುರಿಸುತ್ತಾ, ತಿರುಗಿಸಿದರೂ ತಿರುಗದ ಹಾಗೆ ಬಿಗಿದುಕೊಂಡಿದ್ದವು. ಬಲಗಡೆ ಏನಿತ್ತು? ಕಸದ ಡಬ್ಬದ ಹಿಂದೆ ಬಚ್ಚಲು ತೊಳೆಯುವ ಆ್ಯಸಿಡ್ ಬಾಟ್ಲಿ. ಮುಚ್ಚಳ ಅರ್ಧ ತಿರುಗಿಸಿ ಇಟ್ಟದ್ದು. ಪಕ್ಕದಲ್ಲೇ ಬ್ಲೀಚಿಂಗ್ ಪುಡಿಯ ಪೊಟ್ಟಣ ಬೇರೆ. ಇವೆರಡೂ ಸೇರಿದರೆ ಕ್ಲೋರಿನ್ ಗಾಳಿ ಬರುತ್ತೆ, ಅದನ್ನು ನೋಡಿ ಹಿಂಜಿನ ಚಿಂತೆಯೇ ಮರೆತುಹೋಯಿತು.

ಆ ಆ್ಯಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಮುಚ್ಚಳ ಸಡಿಲ ಇದ್ದರೆ ಅದರ ಹೊಗೆ ಸುಮ್ನೆ ಬರುತ್ತಲೇ ಇರುತ್ತೆ, ಮುಚ್ಚಿದ ಡಬ್ಬದಲ್ಲಿ ತುಂಬಿಕೊಳ್ಳುತ್ತೆ, ಕಬ್ಬಿಣದ ಮೇಲಿನ ನಿಕಲ್ ಲೇಪವನ್ನು ತಿಂದು ಹಾಕುತ್ತೆ. ಬಾಗಿಲು ಕಿತ್ತು ಬಂದದ್ದಕ್ಕೂ ಇದೇ ಮೂಲ. ಹಿಂಜು ಸಲೀಸಾಗಿ ತಿರುಗದಿದ್ದರೆ ಬಾಗಿಲು ಎಳೆದಾಗೆಲ್ಲ ಆ ಬಲ ಹೋಗಿ ಬೀಳೋದು 16 ಮಿ.ಮೀ. ಉದ್ದದ ಪುಟ್ಟ ಸ್ಕ್ರೂಗಳ ಮೇಲೆ. ಬಾಗಿಲೇ ಒಂದು ಹಾರೆಯಾಗಿ ಅವನ್ನು ಮೀಟುತ್ತೆ. ಪಾರ್ಟಿಕಲ್ ಬೋರ್ಡ್ ಎಷ್ಟು ದಿನ ತಡೆದೀತು?

ಹಾಗಾಗಿ ಸಿಂಕ್ ಬಾಗಿಲುಗಳಿಗೆ ನಾಲ್ಕು ಹಿಂಜು ಮಾತ್ರ ಎಸ್‌ಎಸ್ 304, ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ, ತಂದೆ, ಬೆಲೆ ಸಾಧಾರಣದ್ದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು. ಅಂಗಡಿಯವರು ಮ್ಯಾಗ್ನೆಟ್ ಇಟ್ಟು "ನೋಡಿ, ಅಂಟಲ್ಲ, ಒರಿಜಿನಲ್" ಅಂತ ತೋರಿಸಿದರು. ಅದು ಅರ್ಧ ಸತ್ಯ. ಅಗ್ಗದ 202 ದರ್ಜೆಯ ಸ್ಟೀಲಿಗೂ ಮ್ಯಾಗ್ನೆಟ್ ಸಾಮಾನ್ಯವಾಗಿ ಅಂಟಲ್ಲ. ಅಂಟಿದರೆ 304 ಅಲ್ಲ ಅಂತ ಅನುಮಾನ ಪಡಬಹುದು, ಅಂಟದಿದ್ದರೆ 304 ಅಂತ ಹೇಳಲು ಆಗಲ್ಲ. ಮೈ ಮೇಲೆ ಕಂಪನಿಯ ಹೆಸರು ಅಚ್ಚಾಗಿರೋದನ್ನು, ಪೆಟ್ಟಿಗೆ ಮೇಲೆ ದರ್ಜೆ ಬರೆದಿರೋದನ್ನು ತಗೊಂಡೆ. ಇನ್ನೊಂದು ವಿಷಯ, ಆ್ಯಸಿಡ್ ಹೊಗೆಗೆ 304 ಕೂಡ ಗುಳಿಗುಳಿ ಆಗುತ್ತೆ. ಹಾಗಾಗಿ ನಿಜವಾದ ರಿಪೇರಿ ಆಗಿದ್ದು ಬಾಟ್ಲಿಯನ್ನು ಯುಟಿಲಿಟಿಯ ಗಾಳಿ ಆಡುವ ಮೂಲೆಗೆ ಸಾಗಿಸಿದಾಗ. ಬ್ಲೀಚಿಂಗ್ ಪುಡಿ ಅದರಿಂದ ದೂರ, ಬಚ್ಚಲಿನ ಅಟ್ಟಕ್ಕೆ ಹೋಯಿತು. ಅಮ್ಮ ಒಪ್ಪಲು ಎರಡು ದಿನ ತಗೊಂಡರು.

ಈಗ ಹಿಂಜು ಕೂರಿಸೋ ವಿಷಯ. ಹೊಸ ಹಿಂಜು ಹಳೇ ಜಾಗದಲ್ಲೇ ಕೂರುತ್ತೆ, ಬಟ್ಟಲಿನ ತೂತು ಎಲ್ಲಾ ಕಡೆ 35 ಮಿ.ಮೀ. ತಾನೇ ಅಂತ ಅಂದುಕೊಂಡಿದ್ದೆ. ಬಟ್ಟಲು ಕೂತಿತು. ಸ್ಕ್ರೂ ತೂತು ಕೂರಲಿಲ್ಲ. ಬಟ್ಟಲಿನ ಎರಡು ಕಿವಿಗಳಲ್ಲಿ ಇರೋ ಸ್ಕ್ರೂಗಳ ನಡುವಿನ ಅಂತರ ಕಂಪನಿಯಿಂದ ಕಂಪನಿಗೆ ಬೇರೆ. 45, 48, 52 ಮಿ.ಮೀ. ಹೀಗೆ. ನಮ್ಮ ಹಳೇದು 48, ಹೊಸದು 52. ಅಂದರೆ ಒಂದೊಂದು ಕಡೆ 2 ಮಿ.ಮೀ. ಆಚೆ. ಇದು ಅತಿ ಕೆಟ್ಟ ಅಂತರ. ಹತ್ತು ಮಿ.ಮೀ. ಆಚೆ ಇದ್ದರೆ ಹೊಸ ತೂತು ಹೊಡೆದು ಮುಗಿಸಬಹುದು. 2 ಮಿ.ಮೀ. ಆದರೆ ಸ್ಕ್ರೂ ಜಾರಿ ಹಳೇ ತೂತಿಗೇ ಬೀಳುತ್ತೆ, ಹಿಂಜು ಓರೆಯಾಗುತ್ತೆ, ಹಿಡಿತವೂ ಇರಲ್ಲ. ಹೊಸದು ಕೊಳ್ಳುವಾಗ ಈ ಅಂತರ ಅಳೆದು ಹಳೇದಕ್ಕೆ ಹೊಂದುವುದನ್ನೇ ಹುಡುಕಿ, ನನ್ನ ಹಾಗೆ ಮಾಡಬೇಡಿ. ಹಿಂಜಿನ ತೋಳು ಕಚ್ಚಿಕೊಳ್ಳೋ ಹಳೇ ಪ್ಲೇಟನ್ನು ಡಬ್ಬದ ಮೇಲೆ ಹಾಗೇ ಬಿಟ್ಟು ಹೊಸ ತೋಳು ಸಿಕ್ಕಿಸೋಣ ಅನ್ನೋದೂ ಸಾಮಾನ್ಯವಾಗಿ ನಡೆಯಲ್ಲ, ಒಂದು ಕಂಪನಿಯ ತೋಳು ಇನ್ನೊಂದರ ಪ್ಲೇಟಿಗೆ ಕಚ್ಚಿಕೊಳ್ಳಲ್ಲ.

ಹಾಗಾಗಿ ಮೊದಲು ಹಳೇ ತೂತುಗಳನ್ನೆಲ್ಲಾ ಮುಚ್ಚಬೇಕಾಯಿತು. ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ, ಮಟ್ಟಸವಾಗಿ ಕತ್ತರಿಸಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಮದ್ದಿನ ತಲೆಯನ್ನು ಮೊದಲೇ ಮುರಿದು ಹಾಕಿ, ಅದು ಹೇಳಬೇಕಾಗಿಲ್ಲ. ಬೆಂಕಿಕಡ್ಡಿ ದಪ್ಪವಾದ ಕಡೆ ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ ಹಾಕಿದೆ, ಅದು ಇನ್ನೂ ಗಟ್ಟಿ. ದೇವರ ಮನೆಯ ಡಬ್ಬದಲ್ಲಿ ವರ್ಷಗಟ್ಟಲೆ ಕಡ್ಡಿ ಕೂಡಿಟ್ಟಿದ್ದ ಅಪ್ಪನ ಅಭ್ಯಾಸಕ್ಕೆ ಕೊನೆಗೂ ಒಂದು ಅರ್ಥ ಬಂತು. ಆದರೆ ಈ ಉಪಾಯ ತೂತು ಸ್ವಲ್ಪ ಸಡಿಲ ಆಗಿದ್ದರೆ ಮಾತ್ರ. ಪ್ಲೇಟ್ ಕಡೆ ಐದಾರು ಜಾಗದಲ್ಲಿ ಬೋರ್ಡ್ ಪುಡಿಪುಡಿಯಾಗಿ ಪೆನ್ಸಿಲ್ ಹೋಗುವಷ್ಟು ಹಳ್ಳ ಬಿದ್ದಿತ್ತು. ಅಲ್ಲಿ ಡ್ರಿಲ್‌ಗೆ 8 ಮಿ.ಮೀ. ಬಿಟ್ ಹಾಕಿ ಹಳ್ಳವನ್ನು ದುಂಡಗೆ ಮಾಡಿ, 8 ಮಿ.ಮೀ. ಮರದ ಗೂಟ ಫೆವಿಕಾಲ್ ಹಚ್ಚಿ ಬಡಿದೆ. ಅಂಗಡಿಯಲ್ಲಿ ಡೋವೆಲ್ ಅಂತ ಕೇಳಿದರೆ ಕೊಡ್ತಾರೆ. ಸ್ಕ್ರೂ ಈಗ ಬೋರ್ಡನ್ನಲ್ಲ, ಮರವನ್ನು ಹಿಡಿಯುತ್ತೆ. ಹಳೇದಕ್ಕಿಂತ ಭದ್ರ. ಹಲಗೆ 18 ಮಿ.ಮೀ. ಇದೆ, ಗೂಟದ ತೂತು 13–14 ಮಿ.ಮೀ.ಗಿಂತ ಆಳ ಹೋಗದ ಹಾಗೆ ಬಿಟ್ಟಿಗೆ ಟೇಪ್ ಸುತ್ತಿಕೊಳ್ಳಿ.

ಉದ್ದ ಸ್ಕ್ರೂ ಹಾಕಿಬಿಟ್ಟರೆ ಆಯ್ತಲ್ಲ ಅಂತ ಯಾರಾದರೂ ಹೇಳೇ ಹೇಳ್ತಾರೆ. ನಮ್ಮನೆಯಲ್ಲೂ ಹಿಂದೆ ಯಾರೋ ಆ ಉಪಾಯ ಮಾಡಿದ್ದರು. 18 ಮಿ.ಮೀ. ಹಲಗೆಗೆ 25 ಮಿ.ಮೀ. ಸ್ಕ್ರೂ. ಅದರ ಮೂತಿ ಪಕ್ಕದ ಡಬ್ಬದೊಳಗೆ ಹೊರಗೆ ಬಂದು ಕಾಯುತ್ತಾ ಕೂತಿತ್ತು. ನನ್ನ ಮುಂಗೈ ಮೇಲೆ ಇನ್ನೂ ಗೀಟಿದೆ.

ಹೊಸ ತೂತಿಗೆ 2.5 ಮಿ.ಮೀ. ಬಿಟ್‌ನಲ್ಲಿ ದಾರಿ ಮಾಡಿ, 3.5 ಮಿ.ಮೀ. ದಪ್ಪ, 16 ಮಿ.ಮೀ. ಉದ್ದದ ಸ್ಕ್ರೂ ಹಾಕಿದೆ. ಮುಕ್ಕಾಲು ಭಾಗ ಡ್ರಿಲ್, ಕೊನೆಯ ಕಾಲು ಭಾಗ ಕೈಯಲ್ಲಿ. ಡ್ರಿಲ್‌ನಲ್ಲೇ ಕೊನೆ ತನಕ ಬಿಗಿದರೆ ಬೋರ್ಡ್ ಒಳಗೆ ಎಳೆ ಕಿತ್ತು ಸ್ಕ್ರೂ ಸುಮ್ನೆ ತಿರುಗುತ್ತೆ, ಆಗ ಮತ್ತೆ ಬೆಂಕಿಪೊಟ್ಟಣ ಹುಡುಕಬೇಕು. ಎರಡು ಸಲ ಹುಡುಕಿದೆ.

ಉಬ್ಬಿದ ಬಾಗಿಲಿಗೆ ಮಾತ್ರ ಹೊಸ ಹಲಗೆಯೇ ಬೇಕಿತ್ತು. 2013ರ ಆ ಕೆಂಪು ಬಣ್ಣ ಈಗ ಎಲ್ಲೂ ಸಿಗಲ್ಲ, ಹಾಗಾಗಿ ಸಿಂಕ್ ಕೆಳಗಿನ ಎರಡನ್ನೂ ಬದಲಾಯಿಸಿ ತಿಳಿ ಕೆನೆ ಬಣ್ಣ ಹಾಕಿದೆ, ಬೇಕಂತಲೇ ಮಾಡಿದ ಹಾಗೆ ಕಾಣುತ್ತೆ. ಪ್ಲೈ ಅಂಗಡಿಯಲ್ಲಿ 710 ಅಂತ ಕೇಳಿದೆ. ಐಎಸ್ 710 ಅಂದರೆ ಮರೀನ್ ಪ್ಲೈ, ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡಿರಬೇಕು. ಅಳತೆಗೆ ಕತ್ತರಿಸಿ, ಲ್ಯಾಮಿನೇಟ್ ಅಂಟಿಸಿ, ನಾಲ್ಕೂ ಅಂಚಿಗೆ ಬ್ಯಾಂಡ್, ಅಂದರೆ ಅಂಚು ಮುಚ್ಚೋ ಪಟ್ಟಿ, ಹೊಡೆಸಿಕೊಂಡು ಬಂದೆ. ಕೆಳಗಿನ ಅಂಚಿಗೆ ಬ್ಯಾಂಡ್ ಹಾಕದೆ ಕೊಡೋದು ರೂಢಿ, ಕಾಣಲ್ಲವಲ್ಲ ಅಂತ. ನೆಲ ಒರೆಸುವ ನೀರು ಹತ್ತೋದು ಅಲ್ಲೇ.

ಹಿಂಜಿನ ಬಟ್ಟಲು ತೂತು ಮೊದಲು ಹಳೇ ಉಬ್ಬಿದ ಬಾಗಿಲ ಮೇಲೆ ಅಭ್ಯಾಸ ಮಾಡಿದೆ. ಒಳ್ಳೇದಾಯಿತು, ಮೊದಲನೇದು ಆ ಕಡೆಗೆ ತೂತಾಗಿ ಹೋಯಿತು. ಬಟ್ಟಲಿಗೆ ಬೇಕಾದ ಆಳ 12 ಮಿ.ಮೀ. ಆಸುಪಾಸು. 35 ಮಿ.ಮೀ. ಬಿಟ್ಟಿನ ನಡುವಿನ ಮೊಳೆ ಇನ್ನೂ ಎರಡು ಮೂರು ಮಿ.ಮೀ. ಮುಂದೆ ಇರುತ್ತೆ ಅನ್ನೋದನ್ನು ಲೆಕ್ಕಕ್ಕೆ ಸೇರಿಸಿ. ಬಟ್ಟಲಿನ ಅಂಚಿಗೂ ಬಾಗಿಲಿನ ಅಂಚಿಗೂ ನಡುವೆ ನಾಲ್ಕೂವರೆ ಮಿ.ಮೀ. ಬಿಟ್ಟೆ, ಅಂದರೆ ತೂತಿನ ನಡುಮಧ್ಯ ಬಾಗಿಲಿನ ಅಂಚಿಂದ 22 ಮಿ.ಮೀ. ಇದಕ್ಕೆ ಪ್ಲಾಸ್ಟಿಕ್ ಜಿಗ್ ಸಿಗುತ್ತೆ, ಬಾಗಿಲಿಗೆ ಕಚ್ಚಿಸಿ ಬಿಟ್ ಇಳಿಸಿದರೆ ಆಯಿತು, ಆಳಕ್ಕೆ ತಡೆಯೂ ಅದರಲ್ಲೇ ಇದೆ. ಇದೊಂದು ಖರ್ಚಿಗೆ ನನಗೆ ಬೇಜಾರಿಲ್ಲ. ಮತ್ತೆ, ಸಿಲಿಂಡರ್ ಇರೋ ಖಾನೆಯ ಹತ್ತಿರ ಡ್ರಿಲ್ ಹಿಡಿಯುವ ಮುಂಚೆ ರೆಗ್ಯುಲೇಟರ್ ತೆಗೆದು ಸಿಲಿಂಡರನ್ನು ಬಾಲ್ಕನಿಗೆ ಸಾಗಿಸಿ. ಡ್ರಿಲ್ ಮೋಟರಿನಲ್ಲಿ ಕಿಡಿ ಬರುತ್ತೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತೆ. ಆ ಬಾಗಿಲಿನ ಕೆಳಗೆ ಗಾಳಿಗೆ ತೂತು ಇಲ್ಲದಿದ್ದದ್ದು ನೋಡಿ, ಜಿಗ್ ಕೈಯಲ್ಲಿತ್ತಲ್ಲ, ಬಾಗಿಲು ಬಿಚ್ಚಿ ಹಾಲ್‌ಗೆ ತಂದು 35ರದ್ದೇ ನಾಲ್ಕು ತೂತು ಹೊಡೆದು ಜಾಲರಿ ಕೂರಿಸಿದೆ.

ಹ್ಯಾಂಡಲ್‌ಗೆ ಬರೋಣ. ಜನ ಶುರು ಮಾಡೋದು ಇಲ್ಲಿಂದ, ಫೋಟೋ ನೋಡಿ. ಮ್ಯಾಟ್ ಕಪ್ಪು ಚೆನ್ನಾಗಿ ಕಾಣುತ್ತೆ ಅಂತ ನನಗೂ ಆಸೆ ಇತ್ತು. ಆದರೆ ಹಳೇ ಅಡುಗೆಮನೆಯಲ್ಲಿ ಹ್ಯಾಂಡಲ್ ಆರಿಸೋದು ನೀವಲ್ಲ, ಬಾಗಿಲಲ್ಲಿ ಈಗಾಗಲೇ ಇರೋ ಎರಡು ತೂತು. ಅವುಗಳ ನಡುವಿನ ಅಂತರವನ್ನು ಮಿ.ಮೀ.ನಲ್ಲಿ ಅಳೆಯಿರಿ, ತೂತಿನ ಮಧ್ಯದಿಂದ ಮಧ್ಯಕ್ಕೆ. ಅಂಗಡಿಯಲ್ಲಿ ನಾಲ್ಕು ಇಂಚು, ಆರು ಇಂಚು ಅಂತಾರೆ, ಅದನ್ನು ನಂಬಬೇಡಿ. ನಾಲ್ಕು ಇಂಚು ಅಂದರೆ ಲೆಕ್ಕಕ್ಕೆ 101.6 ಮಿ.ಮೀ., ಆದರೆ ಆ ಹೆಸರಲ್ಲಿ ಕೊಡೋ ಹ್ಯಾಂಡಲಿನ ತೂತು ಸಾಮಾನ್ಯವಾಗಿ 96ಕ್ಕೆ ಇರುತ್ತೆ. 96, 128, 160, 192, ಇವೆಲ್ಲಾ 32ರ ಮಗ್ಗಿ. ಜರ್ಮನಿಯ ಪೀಠೋಪಕರಣ ಕಾರ್ಖಾನೆಗಳಲ್ಲಿ ಸಾಲಾಗಿ ತೂತು ಹೊಡೆಯೋ ಯಂತ್ರಗಳಿಗಾಗಿ ಬಂದ 32 ಮಿ.ಮೀ. ಪದ್ಧತಿ ಅದು, ಈಗ ಎನ್.ಆರ್. ರಸ್ತೆಯ ಪೆಟ್ಟಿಗೆಗಳ ಮೇಲೂ ಅದೇ ಅಂಕಿ.

ನಮ್ಮ 15 ಬಾಗಿಲಿಗೂ 96 ಇತ್ತು. ಡ್ರಾಗಳಿಗೆ ಮಾತ್ರ 100! ಯಾರೋ ಟೇಪ್ ಹಿಡಿದು ನಾಲ್ಕು ಇಂಚು ಅಂತ ಅಂದಾಜಿನಲ್ಲಿ ಹೊಡೆದಿದ್ದಾರೆ. 96ರ ಹ್ಯಾಂಡಲ್ 100ರ ತೂತಿಗೆ ಅಂದರೆ ಒಂದೊಂದು ಕಡೆ 2 ಮಿ.ಮೀ. ಒಳಗೆ ಬರಬೇಕು. ಸಣ್ಣ ದುಂಡು ಅರದಿಂದ ತೂತುಗಳನ್ನು ಒಳಮುಖವಾಗಿ ಉದ್ದ ಮಾಡಿದೆ. ಹ್ಯಾಂಡಲಿನ ಪಾದ 12 ಮಿ.ಮೀ. ಅಗಲ ಇದ್ದದ್ದರಿಂದ ಹೊರಗಿನಿಂದ ಏನೂ ಕಾಣಲ್ಲ, ಒಳಗಡೆ ಸ್ಕ್ರೂ ತಲೆಗೆ ವಾಷರ್ ಹಾಕಿದೆ. ಪಾದ ಸಪೂರ ಇರೋ ಹ್ಯಾಂಡಲ್ ತಂದಿದ್ದರೆ ಈ ಆಟ ನಡೆಯುತ್ತಿರಲಿಲ್ಲ.

ಯಾವ ಆಕಾರ ಅನ್ನೋದನ್ನು ಅಮ್ಮನಿಗೆ ಬಿಟ್ಟೆ. ಮೂರು ಸ್ಯಾಂಪಲ್ ತಂದು ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿ ಒಂದು ವಾರ ಬಿಟ್ಟಿದ್ದೆ. ಎರಡೂ ತುದಿ ಆಚೆ ಚಾಚಿಕೊಂಡ ಸರಳಿನ ಥರದ್ದು ಎರಡನೇ ದಿನವೇ ಹೋಯಿತು, ಸೆರಗು ಸಿಕ್ಕಿಕೊಂಡು. ಬಾಗಿಲ ಅಂಚಿಗೆ ಉದ್ದಕ್ಕೆ ಕೂರೋ ಅಲ್ಯೂಮಿನಿಯಂ ಪಟ್ಟಿ ಚೆನ್ನಾಗಿದೆ ಅನ್ನಿಸಿತ್ತು, ಆದರೆ ಅದರ ಸಂದಿಯಲ್ಲಿ ರಾಗಿ ಹಿಟ್ಟು ಕೂತು, ಹಿಟ್ಟಿಗೆ ಇರುವೆ ಬಂತು. ನನ್ನ ಮ್ಯಾಟ್ ಕಪ್ಪಿನ ಮೇಲೆ ಎಣ್ಣೆ ಬೆರಳಿನ ಗುರುತು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. ಕೊನೆಗೆ ಉಳಿದದ್ದು ಅಂಗಡಿಯಲ್ಲಿ ಧೂಳು ಹಿಡಿದಿದ್ದ ಸಾದಾ ಡಿ ಆಕಾರ, ಎರಡೂ ತುದಿ ಬಾಗಿ ಬಾಗಿಲಿಗೇ ಸೇರೋದು, ಸ್ಟೀಲ್, ನಯಸ್ಸು. "ಹಿಟ್ಟಿನ ಕೈ ಇದ್ರೆ ನಾಲ್ಕು ಬೆರಳೂ ಒಳಗೆ ಹೋಗಬೇಕು, ಬಳೆ ತಗಲಬಾರದು, ಅಷ್ಟೇ ನಂಗೆ" ಅಂದರು. ಇಷ್ಟು ಚೊಕ್ಕವಾಗಿ ಯಾವ ಕ್ಯಾಟಲಾಗಲ್ಲೂ ಬರೆದಿರಲ್ಲ. ಹಳೇ ಹ್ಯಾಂಡಲ್ ತೆಗೆದ ಜಾಗದಲ್ಲಿ ಹತ್ತು ವರ್ಷದ ಜಿಡ್ಡಿನ ಅಚ್ಚು ಉಳಿದಿತ್ತು. ನಾನು ಏನೇನೋ ಸ್ಪ್ರೇ ಹೊಡೆದು ಸೋತೆ. ಅಮ್ಮ ಸೀಗೆಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಹಳೇ ಬನಿಯನ್ ತುಂಡಿನಲ್ಲಿ ಉಜ್ಜಿದರು, ಹೋಯಿತು.

ಹ್ಯಾಂಡಲ್ ಜೊತೆ ಬರೋ ಎಂ4 (4 ಮಿ.ಮೀ. ದಪ್ಪದ) ಸ್ಕ್ರೂ 25 ಮಿ.ಮೀ. ಉದ್ದ ಇರುತ್ತೆ. ಬಾಗಿಲು 18, ಎರಡು ಕಡೆ ಲ್ಯಾಮಿನೇಟ್ ಸೇರಿ 20. ಐದು ಮಿ.ಮೀ. ಹ್ಯಾಂಡಲ್ ಒಳಗೆ ಹೋಗುತ್ತೆ, ಸರಿಯಾಯಿತು. ಡ್ರಾಗಳಿಗೆ ಇದು ಸಾಲಲ್ಲ, ಅಲ್ಲಿ ಡ್ರಾದ ಮುಂದಿನ ಹಲಗೆಯ ಮೇಲೆ ಇನ್ನೊಂದು ಹಲಗೆ ಇರುತ್ತೆ. 50 ಮಿ.ಮೀ.ದು ತಂದು ಕತ್ತರಿಸಿದೆ. ಕತ್ತರಿಸುವ ಮುಂಚೆ ಒಂದು ನಟ್ ಹಾಕಿಕೊಂಡಿರಿ, ಕತ್ತರಿಸಿದ ಮೇಲೆ ಅದನ್ನು ಬಿಚ್ಚಿ ತೆಗೆದರೆ ಕೆಟ್ಟ ಎಳೆ ತಾನೇ ಸರಿಹೋಗುತ್ತೆ.

ಡ್ರಾಗಳದ್ದು ಹಳೇ ವೀಲ್ ಚಾನೆಲ್, ಬಿಳಿ ಬಣ್ಣದ್ದು, ತುದಿಯಲ್ಲಿ ಪ್ಲಾಸ್ಟಿಕ್ ಗಾಲಿ. ಅದನ್ನು ತೆಗೆದು 18 ಇಂಚಿನ ಟೆಲಿಸ್ಕೋಪಿಕ್ ಚಾನೆಲ್ ಹಾಕಿದೆ. ಡ್ರಾದ ಪಕ್ಕಕ್ಕೂ ಡಬ್ಬಕ್ಕೂ ನಡುವೆ ಒಂದೊಂದು ಕಡೆ ಅರ್ಧ ಇಂಚು ಬೇಕು, 12.7 ಮಿ.ಮೀ. ಹಳೇದಕ್ಕೂ ಹೆಚ್ಚುಕಮ್ಮಿ ಅಷ್ಟೇ ಬಿಟ್ಟಿದ್ದರಿಂದ ಮೂರು ಡ್ರಾ ಸಲೀಸಾಗಿ ಕೂತವು. ನಾಲ್ಕನೇದು ಒಟ್ಟು 3 ಮಿ.ಮೀ. ಸಣ್ಣ. ಗಾಲಿ ಚಾನೆಲ್ ಇಂಥದ್ದನ್ನು ಕ್ಷಮಿಸುತ್ತೆ, ಬಾಲ್ ಬೇರಿಂಗ್ ಕ್ಷಮಿಸಲ್ಲ. ಸಡಿಲ ಇದ್ದರೆ ಕಿರುಚುತ್ತೆ, ಬಿಗಿ ಇದ್ದರೆ ನಡುದಾರಿಯಲ್ಲಿ ನಿಲ್ಲುತ್ತೆ. ಮಿಕ್ಕಿದ್ದ ಲ್ಯಾಮಿನೇಟ್ ಚೂರುಗಳು, ಒಂದೊಂದೂ 1 ಮಿ.ಮೀ., ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು, ಚಾನೆಲ್ ಹಿಂದೆ ಇಟ್ಟು ಸ್ಕ್ರೂ ಹಾಕಿದೆ. ಡ್ರಾ ಹೊರಗೆ ತೆಗೆಯಲು ಎರಡೂ ಪಕ್ಕದ ಕಪ್ಪು ನಾಲಗೆಯನ್ನು ಒತ್ತಬೇಕು, ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ. ಎರಡನ್ನೂ ಕೆಳಕ್ಕೇ ಒತ್ತುತ್ತಾ ಕಾಲು ಗಂಟೆ ಬೆವರು ಸುರಿಸಿದವನು ಹೇಳ್ತಿದ್ದೀನಿ.

ಕೊನೇ ಭಾನುವಾರ ಪೂರ್ತಿ ಹೊಂದಾಣಿಕೆಗೆ ಹೋಯಿತು. ಹಿಂಜನ್ನು ಮೂರು ಬಗೆಯಲ್ಲಿ ಸರಿಹೊಂದಿಸಬಹುದು. ಮುಂದಿನ ಸ್ಕ್ರೂ ಬಾಗಿಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತೆ, ಹಿಂದಿನದು ಮುಂದಕ್ಕೆ ಹಿಂದಕ್ಕೆ, ಪ್ಲೇಟಿನದು ಮೇಲೆ ಕೆಳಗೆ. ನಾನು ಮೊದಲು ಎಡ ಬಲ ಸರಿ ಮಾಡಿಕೊಂಡು ಖುಷಿಪಟ್ಟೆ, ಆಮೇಲೆ ಎತ್ತರ ಮುಟ್ಟಿದರೆ ಎಲ್ಲಾ ಕೆಟ್ಟಿತು. ಮೊದಲು ಎತ್ತರ, ಆಮೇಲೆ ಹಿಂದೆ ಮುಂದೆ, ಕೊನೆಗೆ ಎಡ ಬಲ. ಎರಡು ಬಾಗಿಲಿನ ನಡುವೆ ಸಂದಿ ಒಂದೇ ಸಮ ಬರಲಿ ಅಂತ ದಪ್ಪ ಮದುವೆ ಕಾರ್ಡ್‌ಗಳನ್ನು ಜೋಡಿಸಿ ಸಿಕ್ಕಿಸಿಟ್ಟು ಸ್ಕ್ರೂ ತಿರುಗಿಸಿದೆ. ನಾಲ್ಕು ಕಾರ್ಡಿಗೆ 2 ಮಿ.ಮೀ. ಚಿಲ್ಲರೆ ಬಂತು. ಎಲ್ಲಾ ಬಾಗಿಲನ್ನೂ ಒಂದೇ ದಿನ ಪಕ್ಕಾ ಮಾಡಬೇಡಿ, ಒಂದು ವಾರ ಪಾತ್ರೆ ಭಾರ ಬಿದ್ದು ಬಳಕೆಯಾದ ಮೇಲೆ ಒಂದಿಷ್ಟು ಇಳಿಯುತ್ತೆ, ಆಗ ಇನ್ನೊಂದು ಸುತ್ತು ಬೇಕೇ ಬೇಕು.

ಸಾಫ್ಟ್ ಕ್ಲೋಸ್ ಹಿಂಜು ಬೇಕಾ ಅಂತ ಕೇಳಿದರೆ, ನಮ್ಮನೆಯಲ್ಲಿ ಅದು ಅಪ್ಪನಿಗೋಸ್ಕರ. ಅವರಿಗೆ ಬಾಗಿಲು ಅಂದರೆ ಧಡಾರ್ ಅನ್ನಬೇಕು. ಈಗ ಧಡಾರ್ ಅಂತ ತಳ್ಳಿದರೂ ಕೊನೆಯ ನಾಲ್ಕು ಬೆರಳಷ್ಟು ದೂರ ಬಾಗಿಲು ತನ್ನ ಪಾಡಿಗೆ ನಿಧಾನ ಹೋಗುತ್ತೆ. ಅದು ಅವರಿಗೆ ಕೆಟ್ಟುಹೋದ ಹಾಗೆ ಅನ್ನಿಸಿ, ಮೊದಲ ವಾರ ಕೈಯಲ್ಲಿ ಒತ್ತಿ ಒತ್ತಿ ಮುಚ್ಚುತ್ತಿದ್ದರು. ಮಸಾಲೆ ಡಬ್ಬದ ಪುಟ್ಟ ಬಾಗಿಲಲ್ಲಿ ಮಾತ್ರ ತಾಪತ್ರಯ ಬಂತು. ಬಾಗಿಲು ಹಗುರ, ಎರಡು ಹಿಂಜಿನ ತಡೆ ಸೇರಿ ಮುಚ್ಚೋದೇ ಇಲ್ಲ ಅಂತ ನಿಂತಿತು. ಕೆಲವು ಹಿಂಜುಗಳಲ್ಲಿ ತಡೆಯನ್ನು ಬಂದ್ ಮಾಡುವ ಪುಟ್ಟ ಗುಂಡಿ ಇರುತ್ತೆ, ನನ್ನದರಲ್ಲಿ ಇತ್ತು. ಎರಡರಲ್ಲಿ ಒಂದನ್ನು ಬಂದ್ ಮಾಡಿದೆ, ಸರಿಹೋಯಿತು.

ಬಾಕಿ ಇರೋದು ಮೂಲೆಯ ಎತ್ತರದ ಬಾಗಿಲು. ಹಲಗೆಯೇ ಸ್ವಲ್ಪ ಬಾಗಿದೆ, ನಾಲ್ಕು ಹಿಂಜು ತಿರುವಿದರೂ ಮೇಲ್ತುದಿ 3 ಮಿ.ಮೀ. ಮುಂದೆ ನಿಲ್ಲುತ್ತೆ. ಕಾರ್ಪೆಂಟರ್ ಇದೊಂದರ ವಿಷಯದಲ್ಲಿ ಹೇಳಿದ್ದು ಸರಿ ಇತ್ತೇನೋ. ಸದ್ಯಕ್ಕೆ ಮೇಲೊಂದು ಮ್ಯಾಗ್ನೆಟ್ ಹಾಕಿ ಎಳೆದು ಹಿಡಿಸಿದ್ದೇನೆ.

ನಿನ್ನೆ ಸುರತ್ಕಲ್‌ನಿಂದ ಅಕ್ಕ ಫೋನ್ ಮಾಡಿದ್ದಳು. ಅಮ್ಮ ಆಗಲೇ ವಿಡಿಯೋ ಕಾಲ್‌ನಲ್ಲಿ ಹದಿನೈದೂ ಬಾಗಿಲು ತೆಗೆದು ಮುಚ್ಚಿ ತೋರಿಸಿಬಿಟ್ಟಿದ್ದಾರೆ. ಅಲ್ಲಿ ಸಮುದ್ರದ ಉಪ್ಪು ಗಾಳಿ, ಎರಡು ವರ್ಷದ ಹಿಂದೆ ಹಾಕಿಸಿದ ಹಿಂಜುಗಳೆಲ್ಲಾ ಆಗಲೇ ಕೆಂಪಗಾಗಿವೆಯಂತೆ. ಅಲ್ಲಿಗಾದರೆ ಎಲ್ಲಾ 304ರದ್ದೇ ಬೇಕು ಅಂದೆ. "ಎಷ್ಟು ಬೇಕು ಅಂತ ನೀನೇ ಎಣಿಸಿಕೋ, ದಸರಾ ರಜೆಗೆ ಬರ್ತೀಯಲ್ಲ, ಆ ಜಿಗ್ ಬ್ಯಾಗಿಗೆ ಹಾಕ್ಕೊಂಡು ಬಾ" ಅಂದಳು. ಅವಳ ಬಾಗಿಲು ಹಲಗೆಯ ಅಂಚನ್ನು ಎಷ್ಟು ಮುಚ್ಚುತ್ತೆ ಅಂತ ಒಂದೊಂದರ ಫೋಟೋ ಕಳಿಸು ಅಂತ ಹೇಳಿದ್ದೇನೆ. ಇನ್ನೂ ಬಂದಿಲ್ಲ.